ಕಲಬುರಗಿಯಿಂದ ಲೈಪ್‌ಜಿಗ್‌ಗೆ ಒಂದು ಸೆಮಿಸ್ಟರ್: ಹೊರಡುವವರಿಗೆ

ಜರ್ಮನಿಗೆ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಹೊರಟೆ ಅಂದರೆ ಸಾಕು, ನಮ್ಮ ಕಡೆ ಎಲ್ಲರೂ ಚಳಿಯ ಬಗ್ಗೆಯೇ ಕೇಳುತ್ತಾರೆ. ಚಳಿ ಜಾಕೆಟ್ ಹಾಕಿದರೆ ಮುಗಿಯಿತು. ಜಾಸ್ತಿ ತಲೆ ತಿನ್ನುವುದು ಕಾಗದಪತ್ರ.

ಮನೆಗೆ ಇರಲು ಹೋದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ 'ಆನ್ಮೆಲ್ಡುಂಗ್' ಅನ್ನುತ್ತಾರೆ. ಮನೆ ಮಾಲೀಕರು ಅಥವಾ ಹಾಸ್ಟೆಲ್‌ನವರು ಸಹಿ ಮಾಡಿದ ಪತ್ರ ಇಲ್ಲದೆ ಅದು ಆಗುವುದಿಲ್ಲ. ಕೀಲಿ ಕೈಗೆ ಬಂದ ದಿನವೇ ಆ ಪತ್ರ ಕೇಳಿ ಇಸಿದುಕೊಳ್ಳಿ. ಕಚೇರಿಯ ಅಪಾಯಿಂಟ್‌ಮೆಂಟನ್ನು ಊರಲ್ಲಿದ್ದಾಗಲೇ ಹುಡುಕಲು ಶುರು ಮಾಡಿ. ನೋಂದಣಿಯಾದ ಮೇಲೆ ರೇಡಿಯೋ-ಟಿವಿ ಶುಲ್ಕದ ಪತ್ರ ಮನೆಗೆ ಬರುತ್ತದೆ, ತಿಂಗಳಿಗೆ 18.36 ಯೂರೋ. ನಮ್ಮ ಮನೇಲಿ ಟಿವಿಯೇ ಇಲ್ಲ ಅಂದರೂ ಬಿಡುವುದಿಲ್ಲ. ಆದರೆ ಅದು ಮನೆಗೆ ಒಂದೇ, ಜೊತೆಗಿರುವವರು ಹಂಚಿಕೊಳ್ಳಬಹುದು.

ವಿಮಾನ ಹೈದರಾಬಾದಿನಿಂದ ಹಿಡಿಯಿರಿ. ನಮಗೂ ಬೀದರಿನವರಿಗೂ ಬೆಂಗಳೂರಿಗಿಂತ ಅದೇ ಹತ್ತಿರ ಅಲ್ವಾ? ಫ್ರಾಂಕ್‌ಫರ್ಟ್‌ನಲ್ಲಿ ಇಳಿದರೆ ಲೈಪ್‌ಜಿಗ್‌ಗೆ ರೈಲಿನಲ್ಲಿ ಸುಮಾರು 3 ತಾಸು.

ಪೇಡೆ, ತುಪ್ಪ ಕಟ್ಟಿಸಿಕೊಳ್ಳಬೇಡಿ. ಹೊರದೇಶದಿಂದ ಹಾಲಿನ, ಮಾಂಸದ ಪದಾರ್ಥಗಳನ್ನು ಯುರೋಪ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಅವ್ವ ಎಷ್ಟೇ ಒತ್ತಾಯ ಮಾಡಲಿ, ಕಡಕ್ ರೊಟ್ಟಿ, ಶೇಂಗಾ ಹಿಂಡಿ ಸಾಕು ಅನ್ನಿ. ರೊಟ್ಟಿಯನ್ನು ಹಳೇ ಅಂಗಿಗಳ ನಡುವೆ ಸಾಲಾಗಿಟ್ಟರೆ ಮುರಿಯುವುದು ಕಡಿಮೆ. ಅಲ್ಲಿನ ಅಂಗಡಿಯ ಗಟ್ಟಿ ಮೊಸರಿಗೆ ಹಿಂಡಿ ಕಲಸಿ, ನೀರು ಚಿಮುಕಿಸಿ ಮೆತ್ತಗಾದ ರೊಟ್ಟಿ ಹಚ್ಚಿಕೊಂಡು ತಿಂದರೆ, ಕ್ಯಾಂಟೀನಿನ ಆಲೂಗಡ್ಡೆ ಊಟ ಸಪ್ಪೆಯಾದ ದಿನವೂ ಹೊಟ್ಟೆ ತಣ್ಣಗಾಗುತ್ತದೆ. ಅಡುಗೆಮನೆ ಎಲ್ಲರದೂ ಆದ್ದರಿಂದ ಜೊತೆಯವರೂ ಒಂದು ಚೂರು ಕೇಳುತ್ತಾರೆ. ಸುಮ್ನೆ ಕೊಡಿ, ಗೆಳೆತನ ಅಲ್ಲಿಂದಲೇ ಶುರುವಾಗುತ್ತದೆ.

ಭಾನುವಾರ ದೊಡ್ಡ ಸ್ಟೇಷನ್ನಿನ ಕೆಲವು ಅಂಗಡಿ ಬಿಟ್ಟರೆ ಎಲ್ಲ ಬಂದ್. ಶನಿವಾರವೇ ಸಂತೆ ಮುಗಿಸಿ. ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸ್.

ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ನಮ್ಮ ಬಿಸಿಲಲ್ಲಿ ಬೆಳೆದವರಿಗೆ ಇದು ಚಳಿಗಿಂತ ಕಷ್ಟ. ಆ ಹೊತ್ತಿಗೆ ಊರಲ್ಲಿ ರಾತ್ರಿ ಎಂಟೂವರೆ, ಮನೆಯವರೆಲ್ಲ ಊಟಕ್ಕೆ ಕೂತಿರುತ್ತಾರೆ. ಫೋನ್ ಮಾಡಲು ಅದೇ ಒಳ್ಳೆಯ ಸಮಯ.

ವಾಪಸ್ ಬರುವ ಮುಂಚಿನ ವಾರ ಅದೇ ಕಚೇರಿಯಲ್ಲಿ ವಿಳಾಸ ರದ್ದು ಮಾಡಿಸಿ, ಚೀಟಿ ಇಟ್ಟುಕೊಳ್ಳಿ. ಆ ರೇಡಿಯೋ ಶುಲ್ಕ ನಿಲ್ಲಿಸಲು ಅದನ್ನು ಕೇಳುತ್ತಾರೆ.