ಗಡಿಯಾರ ತಪ್ಪಿದ ಲ್ಯಾಪ್‌ಟಾಪ್

ಸಾಗರ ಪೇಟೆಯ ಸಮೀಪದ ನಮ್ಮೂರಿಗೆ ಫೈಬರ್ ಕೇಬಲ್ ಬಂದದ್ದು ಕಳೆದ ಮಳೆಗಾಲ ಮುಗಿದ ಮೇಲೆ. ಜಗುಲಿಯ ಗೋಡೆಗೆ ರೂಟರ್ ಕೂರಿಸಿದ ಹುಡುಗ ಅಪ್ಪಯ್ಯನ ಮೊಬೈಲ್ ಸಂಖ್ಯೆಯನ್ನೇ ವೈಫೈ ಪಾಸ್‌ವರ್ಡ್ ಮಾಡಿ, "ನೆನಪಿರುತ್ತದೆ ಸರ್" ಎಂದು ಹೊರಟ. ಅಪ್ಪಯ್ಯ ಮೇಷ್ಟ್ರಾಗಿದ್ದವರು, ಆ ಸಂಖ್ಯೆ ಊರಿಗೆಲ್ಲ ಗೊತ್ತು. ರೂಟರಿನ ಸೆಟ್ಟಿಂಗ್ ಬದಲಿಸುವ ಒಳಪುಟಕ್ಕೂ ತಳದ ಚೀಟಿಯಲ್ಲಿ ಅಚ್ಚಾಗಿದ್ದ ಪಾಸ್‌ವರ್ಡೇ ಇತ್ತು. ಮೊದಲು ಅವೆರಡನ್ನೂ ಬದಲಿಸಿದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ, ನಡುವೆ ಎರಡು ಅಂಕಿ. ಅಪ್ಪಯ್ಯ ಡೈರಿಯಲ್ಲಿ ಬರೆದು ಕಪಾಟಿನಲ್ಲಿಟ್ಟರು. ಅದು ಸರಿಯೇ. ನಾನು ಹೆದರುವ ಕಳ್ಳ ಕಪಾಟು ತೆರೆಯುವವನಲ್ಲ.

ವೈಫೈ ಭದ್ರತೆಯನ್ನು ಡಬ್ಲ್ಯೂಪಿಎ3 ಎಂಬ ಹೊಸ ಪದ್ಧತಿಗೆ ಏರಿಸಿದೆ. ನನ್ನ ಮೊಬೈಲ್ ಸೇರಿಕೊಂಡಿತು, ಅಪ್ಪಯ್ಯನ 2011ರ ಲ್ಯಾಪ್‌ಟಾಪ್ ಸೇರಲಿಲ್ಲ. ಹುಡುಗನಿಗೆ ಫೋನ್ ಮಾಡಿದರೆ, "ಹಳೆಯದಲ್ಲವೇ ಸರ್, ಪಾಸ್‌ವರ್ಡೇ ತೆಗೆದುಬಿಡಿ" ಎಂದ. ಪಿಂಚಣಿ ಖಾತೆ ನೋಡುವ ಮನೆಯಲ್ಲಿ ಬಾಗಿಲೇ ಇಲ್ಲದಂತೆ ಮಾಡುವುದೇ? ಆ ಲ್ಯಾಪ್‌ಟಾಪಿಗೆ ಅರ್ಥವಾಗುವುದು ಡಬ್ಲ್ಯೂಪಿಎ2ರವರೆಗೆ. ಎರಡೂ ನಡೆಯುವ ಆಯ್ಕೆ ರೂಟರಿನಲ್ಲಿತ್ತು. ಅದನ್ನಿಟ್ಟು, ಬಟನ್ ಒತ್ತಿದರೆ ಜೋಡಿಸುವ ಡಬ್ಲ್ಯೂಪಿಎಸ್ ಸೌಲಭ್ಯವನ್ನು ನಿಲ್ಲಿಸಿದೆ.

ಸಂಪರ್ಕ ಬಂತು. ಆದರೆ ಯಾವ ತಾಣ ತೆರೆದರೂ 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ. "ಮುಂದುವರಿ ಎಂದು ಕೆಳಗಿದೆಯಲ್ಲ ತಮ್ಮಾ" ಎಂದು ಅಪ್ಪಯ್ಯ ಒತ್ತಲು ಹೋದರು. ತಡೆದೆ. ಪರದೆಯ ಮೂಲೆಯಲ್ಲಿ ದಿನಾಂಕ 2011ರ ಜನವರಿ 1 ಎಂದಿತ್ತು. ತಾನು ಅಸಲಿ ಎಂದು ಪ್ರತಿ ತಾಣ ತೋರಿಸುವ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಅವುಗಳಲ್ಲಿ ಯಾವುದೂ ಇನ್ನೂ ಹುಟ್ಟಿರಲಿಲ್ಲ. ದೊಡ್ಡ ಬ್ಯಾಟರಿ ಎಂದೋ ಕೆಟ್ಟಿತ್ತು. ಒಳಗೆ ಗಡಿಯಾರ ಕಾಯುವ ನಾಣ್ಯದಾಕಾರದ ಸೆಲ್ ಕೂಡ ಮುಗಿದಿತ್ತು. ಪ್ಲಗ್ ಕಿತ್ತಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತಿತ್ತು. ಸಾಗರದ ವಾಚ್ ರಿಪೇರಿ ಅಂಗಡಿಯಿಂದ ಸಿಆರ್2032 ಸೆಲ್ ತಂದು, ಹಿಂಬದಿಯ ಮುಚ್ಚಳ ಬಿಚ್ಚಿ ಹಾಕಿ, ದಿನಾಂಕ ಸರಿಪಡಿಸಿದೆ. ಎಚ್ಚರಿಕೆ ಮಾಯವಾಯಿತು. ಕಾರಣ ಕೇಳಿದ ಅಪ್ಪಯ್ಯ, "ತೇದಿ ತಪ್ಪಿದ ಹಾಜರಿ ಪುಸ್ತಕ" ಎಂದರು. ನಾನು ಇನ್ನೂ ಚೆನ್ನಾಗಿ ವಿವರಿಸಲಾರೆ.

ಉಳಿದದ್ದು ವಿಂಡೋಸ್ 7. ಅದಕ್ಕೆ ಸಾಮಾನ್ಯ ಬಳಕೆದಾರರ ಭದ್ರತಾ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿದೆ. ಅದನ್ನು ಅಳಿಸಿ, ಅದರ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆ ಹಾಕುವುದೆಂದು ನಿರ್ಧರಿಸಿದೆ. ಆದರೆ ಲ್ಯಾಪ್‌ಟಾಪಿನಲ್ಲಿ ಅಜ್ಜಿಯ ಮದುವೆ ಹಾಡುಗಳಿದ್ದವು. ಅಪ್ಪಯ್ಯ ಅವಳ ಬಾಯಿಂದ ಕೇಳಿ ಬರೆದು, ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದವು. ಎರಡು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳುವವರೆಗೂ ನನ್ನ ಕೈ ಇನ್‌ಸ್ಟಾಲ್ ಗುಂಡಿಯತ್ತ ಹೋಗಲಿಲ್ಲ.

ನುಡಿಯ ಹಳೆಯ ಅಕ್ಷರಗಳು ಹೊಸ ವ್ಯವಸ್ಥೆಯಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಂಡವು. ಈಗಿನ ಕಂಪ್ಯೂಟರುಗಳಿಗೆಲ್ಲ ಅರ್ಥವಾಗುವ ಯೂನಿಕೋಡಿಗೆ ಪರಿವರ್ತಿಸಿದಾಗ ಹಾಡು ಮರಳಿತು, ಅಲ್ಲಲ್ಲಿ ಅರ್ಕಾವತ್ತು ಮಾತ್ರ ಪಕ್ಕದ ಅಕ್ಷರಕ್ಕೆ ಜಾರಿತ್ತು. ರಾತ್ರಿ ಊಟವಾದ ಮೇಲೆ ಅಪ್ಪಯ್ಯ ಒಂದೊಂದು ಸಾಲನ್ನೂ ರಾಗದಲ್ಲಿ ಹೇಳುತ್ತ ಹೋದರು, ನಾನು ತಿದ್ದುತ್ತ ಹೋದೆ. ಹನ್ನೊಂದು ಗಂಟೆಗೆ ಕರೆಂಟು ಹೋದಾಗ ಎಣ್ಣೆಶಾಸ್ತ್ರದ ಹಾಡು ಅರ್ಧಕ್ಕೆ ಬಂದಿತ್ತು. ಕತ್ತಲಲ್ಲೇ ಅವರು ಉಳಿದರ್ಧ ಹೇಳಿ ಮುಗಿಸಿದರು.