ಮೊದಲು ಕೆಮಿಸ್ಟ್ರಿ, ಆಮೇಲೆ ಉಳಿದದ್ದು

ಮುಂದಿನ ಫಾಲ್ (ಆಗಸ್ಟ್‌ನಲ್ಲಿ ಶುರುವಾಗುವ) ಸೆಮಿಸ್ಟರಿಗೆ ಕೋರ್ಸ್ ಆರಿಸುವ ಸಮಯ ಬಂದಿದೆ. ನಾನು ಅಮೆರಿಕದ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ ಮುಗಿಸುತ್ತಿದ್ದೇನೆ. ಮೇಜರ್, ಅಂದರೆ ಮುಖ್ಯ ವಿಷಯ, ಇತಿಹಾಸ. ಹೋಗಬೇಕು ಅಂತಿರುವುದು ಮೆಡಿಕಲ್ ಸ್ಕೂಲಿಗೆ. ಇದನ್ನು ಹೇಳಿದಾಗೆಲ್ಲ ನಮ್ಮ ಕಡೆಯ ಅಂಕಲ್, ಆಂಟಿಯರು "ಇತಿಹಾಸ ಓದ್ಕೊಂಡು ಡಾಕ್ಟರ್ ಆಗೋಕೆ ಆಗುತ್ತಾ ಪುಟ್ಟಾ?" ಅಂತ ಕೇಳುತ್ತಾರೆ. ಆಗುತ್ತೆ. ಹೇಗೆ ಅಂತ ಬಿಡಿಸಿ ಹೇಳೋಣ ಅಂತಲೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಕ್ಕಳು ಇಲ್ಲಿ ಕಾಲೇಜಿಗೆ ಸೇರುವಾಗ ಎಷ್ಟೋ ಅಪ್ಪ ಅಮ್ಮಂದಿರಿಗೆ ಈ ದಾರಿ ಹೊಸದು. ಮಕ್ಕಳನ್ನೇ ಕೇಳೋಣ ಅಂದರೆ ಅವರಿಗೂ ಪೂರ್ತಿ ಗೊತ್ತಿರುವುದಿಲ್ಲ.

ಭಾರತದಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದು ನೇರ ಎಂಬಿಬಿಎಸ್ ಸೇರುತ್ತಾರೆ. ಇಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್. ಡಿಗ್ರಿ ಯಾವ ವಿಷಯದಲ್ಲಾದರೂ ಆಗಬಹುದು. "ಪ್ರೀ-ಮೆಡ್" ಅನ್ನುವುದು ಬಹಳಷ್ಟು ಕಡೆ ಒಂದು ಮೇಜರ್ ಅಲ್ಲ, ನಾನು ಆ ಕಡೆಗೆ ಹೊರಟಿದ್ದೇನೆ ಅಂತ ಹೇಳಿಕೊಳ್ಳುವ ರೀತಿ ಅಷ್ಟೇ. ಆದರೆ ಕೆಲವು ಸೈನ್ಸ್ ಕೋರ್ಸ್‌ಗಳನ್ನು ಮುಗಿಸಿರಲೇಬೇಕು. ಬಯಾಲಜಿ ಒಂದು ವರ್ಷ, ಜನರಲ್ ಕೆಮಿಸ್ಟ್ರಿ ಒಂದು ವರ್ಷ, ಆರ್ಗ್ಯಾನಿಕ್ ಕೆಮಿಸ್ಟ್ರಿ ಒಂದು ವರ್ಷ, ಫಿಸಿಕ್ಸ್ ಒಂದು ವರ್ಷ, ಎಲ್ಲವೂ ಲ್ಯಾಬ್ ಸಮೇತ. ಅದರ ಮೇಲೆ ಒಂದು ಸೆಮಿಸ್ಟರ್ ಬಯೋಕೆಮಿಸ್ಟ್ರಿ. ಜೊತೆಗೆ ಇಂಗ್ಲಿಷ್, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ, ಸೋಶಿಯಾಲಜಿ ಇದ್ದರೆ ಒಳ್ಳೆಯದು. ಎಲ್ಲ ಮೆಡಿಕಲ್ ಸ್ಕೂಲ್‌ಗಳ ನಿಯಮ ಒಂದೇ ಅಲ್ಲ. ಒಂದು ಕಡೆ ಕ್ಯಾಲ್ಕುಲಸ್ ಕೇಳಬಹುದು, ಇನ್ನೊಂದು ಕಡೆ ಎರಡನೇ ಸೆಮಿಸ್ಟರಿನ ಆರ್ಗ್ಯಾನಿಕ್ ಬದಲು ಬಯೋಕೆಮಿಸ್ಟ್ರಿ ಸಾಕು ಅನ್ನಬಹುದು. ಯಾರು ಏನು ಕೇಳುತ್ತಾರೆ ಅಂತ ನೋಡಲು ಮೆಡಿಕಲ್ ಕಾಲೇಜುಗಳ ಒಕ್ಕೂಟವಾದ ಎಎಎಂಸಿ ನಡೆಸುವ ಎಂಎಸ್ಎಆರ್ ಅನ್ನುವ ಆನ್‌ಲೈನ್ ಪಟ್ಟಿ ಇದೆ. ಸೀನಿಯರ್‌ಗಳ ಮಾತಿಗಿಂತ ನಾನು ಅದನ್ನೇ ಜಾಸ್ತಿ ನಂಬುತ್ತೇನೆ.

ಡಾಕ್ಟರ್ ಆಗುವವರಿಗೆ ಇವೇ ವಿಷಯಗಳು ಯಾಕೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಇತಿಹಾಸದ ಕ್ಲಾಸಿನಲ್ಲಿ. 1893ರಲ್ಲಿ ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಸ್ಕೂಲ್ ಶುರುವಾದಾಗ ಸೇರುವವರಿಗೆ ಕಾಲೇಜು ಡಿಗ್ರಿ ಇರಬೇಕು ಅಂತ ಹೇಳಿತು. ಆಗ ಅದು ದೊಡ್ಡ ವಿಷಯ, ಯಾಕೆಂದರೆ ಎಷ್ಟೋ ಕಡೆ ಫೀಸು ಕಟ್ಟಿದವರಿಗೆಲ್ಲ ಸೀಟು ಸಿಗುತ್ತಿತ್ತು. 1910ರಲ್ಲಿ ಶಿಕ್ಷಣತಜ್ಞ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾದ 155 ಮೆಡಿಕಲ್ ಸ್ಕೂಲ್‌ಗಳನ್ನು ನೋಡಿ ಬಂದು ಒಂದು ವರದಿ ಕೊಟ್ಟರು. ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್ ಕಾಲೇಜಿನಲ್ಲಿ ಓದಿದವರನ್ನಷ್ಟೇ ತೆಗೆದುಕೊಳ್ಳಿ ಅನ್ನುವುದು ಅದರ ಮುಖ್ಯ ಮಾತುಗಳಲ್ಲಿ ಒಂದು. ಇವತ್ತು ನಾನು ತುಂಬುತ್ತಿರುವ ಟೈಮ್‌ಟೇಬಲ್‌ನ ಬೇರು ಅಲ್ಲಿದೆ. ಅದೇ ವರದಿಯ ಇನ್ನೊಂದು ಮುಖವನ್ನೂ ಹೇಳಲೇಬೇಕು. ಆಗ ಇದ್ದ ಏಳು ಕಪ್ಪು ಜನರ ಮೆಡಿಕಲ್ ಸ್ಕೂಲ್‌ಗಳಲ್ಲಿ ಹೊವಾರ್ಡ್ ಮತ್ತು ಮೆಹ್ಯಾರಿ ಮಾತ್ರ ಉಳಿದವು, ಮಿಕ್ಕ ಐದು ಮುಂದೆ ಮುಚ್ಚಿಹೋದವು. ಯಾರು ಡಾಕ್ಟರ್ ಆಗಬಹುದು ಅನ್ನುವುದನ್ನು ಕೋರ್ಸ್ ಪಟ್ಟಿ, ಲ್ಯಾಬಿನ ಖರ್ಚು ಇವೂ ತೀರ್ಮಾನಿಸುತ್ತವೆ. ಇದನ್ನು ಓದಿದ ಮೇಲೆ ಈ ಕೋರ್ಸ್‌ಗಳನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ.

ಈಗ ಪ್ಲಾನಿಂಗ್ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಮೊದಲು ಬಯಾಲಜಿ ಬಗ್ಗೆ ಯೋಚಿಸುತ್ತಾರೆ. ಮೊದಲು ನೋಡಬೇಕಾದದ್ದು ಕೆಮಿಸ್ಟ್ರಿ. ಜನರಲ್ ಕೆಮಿಸ್ಟ್ರಿ ಒಂದು ಮುಗಿಯದೆ ಎರಡು ಸಿಗುವುದಿಲ್ಲ. ಎರಡು ಮುಗಿಯದೆ ಆರ್ಗ್ಯಾನಿಕ್ ಒಂದು ಸಿಗುವುದಿಲ್ಲ. ಆಮೇಲೆ ಆರ್ಗ್ಯಾನಿಕ್ ಎರಡು, ಅದಾದ ಮೇಲೆ ಬಯೋಕೆಮಿಸ್ಟ್ರಿ. ಒಟ್ಟು ಐದು ಸೆಮಿಸ್ಟರ್, ಒಂದರ ಹಿಂದೆ ಒಂದು. ನಾಲ್ಕು ವರ್ಷ ಮುಗಿದ ಕೂಡಲೇ ಮೆಡಿಕಲ್ ಸ್ಕೂಲ್ ಸೇರಬೇಕು ಅಂದರೆ ಮೂರನೇ ವರ್ಷದ ಕೊನೆಗೆ, ಮೇ ಜೂನ್ ಹೊತ್ತಿಗೆ ಅರ್ಜಿ ಹಾಕಬೇಕು. ಅಷ್ಟರೊಳಗೆ ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ ಎಂಕ್ಯಾಟ್ ಬರೆದಿರಬೇಕು. ಎಂಕ್ಯಾಟ್‌ಗೆ ಬಯೋಕೆಮಿಸ್ಟ್ರಿ ಬೇಕು. ಹಿಂದಕ್ಕೆ ಲೆಕ್ಕ ಹಾಕಿ ನೋಡಿ: ಮೂರನೇ ವರ್ಷದ ಫಾಲ್‌ನಲ್ಲಿ ಬಯೋಕೆಮಿಸ್ಟ್ರಿ, ಎರಡನೇ ವರ್ಷ ಪೂರ್ತಿ ಆರ್ಗ್ಯಾನಿಕ್, ಮೊದಲ ವರ್ಷ ಪೂರ್ತಿ ಜನರಲ್ ಕೆಮಿಸ್ಟ್ರಿ. ಅಂದರೆ ಕಾಲೇಜಿನ ಮೊದಲನೇ ದಿನವೇ ಕೆಮಿಸ್ಟ್ರಿ ಕ್ಲಾಸಿನಲ್ಲಿ ಕೂತಿರಬೇಕು. ನಡುವೆ ಒಂದು ಸೆಮಿಸ್ಟರ್ ತಪ್ಪಿದರೆ ಬೇಸಿಗೆಯಲ್ಲಿ ಓದಬೇಕು, ಇಲ್ಲಾಂದರೆ ಎಲ್ಲವೂ ಮುಂದಕ್ಕೆ ಹೋಗುತ್ತದೆ. ಫಿಸಿಕ್ಸ್, ಬಯಾಲಜಿ, ಸ್ಟ್ಯಾಟಿಸ್ಟಿಕ್ಸ್‌ಗೆ ಇಷ್ಟು ಉದ್ದದ ಸಾಲು ಇಲ್ಲ. ಖಾಲಿ ಇರುವ ಕಡೆ ಅವನ್ನು ಇಟ್ಟುಕೊಳ್ಳಬಹುದು.

ನಾನು ಮಾತ್ರ ನಾಲ್ಕನೇ ವರ್ಷ ಮುಗಿಯುವಾಗ ಅರ್ಜಿ ಹಾಕುವ ಲೆಕ್ಕದಲ್ಲಿದ್ದೇನೆ. ಅಂದರೆ ಮಧ್ಯೆ ಒಂದು ವರ್ಷ ಕೆಲಸ. ಇದಕ್ಕೆ ಇಲ್ಲಿ ಗ್ಯಾಪ್ ಇಯರ್ ಅನ್ನುತ್ತಾರೆ. ಅಮ್ಮನಿಗೆ ಆ ಹೆಸರೇ ಇಷ್ಟವಿಲ್ಲ, ವರ್ಷ ಹಾಳಾದ ಹಾಗೆ ಕೇಳಿಸುತ್ತದಂತೆ. ಆದರೆ ಇದು ಇಲ್ಲಿ ತೀರಾ ಮಾಮೂಲು. ಅರ್ಜಿಯಲ್ಲಿ ಮೂರು ವರ್ಷದ ಬದಲು ನಾಲ್ಕೂ ವರ್ಷದ ಗ್ರೇಡ್ ಇರುತ್ತದೆ. ಫಿಸಿಕ್ಸನ್ನು ಮೂರನೇ ವರ್ಷಕ್ಕೆ ಇಟ್ಟುಕೊಳ್ಳಬಹುದು. ಇತಿಹಾಸದ ಥೀಸಿಸ್ ಬರೆಯಲೂ ಸಮಯ ಸಿಗುತ್ತದೆ. ನನಗೆ ಇದು ಬೇಕಿತ್ತು.

ಎರಡು ಲ್ಯಾಬ್ ಒಂದೇ ಸೆಮಿಸ್ಟರಿಗೆ ಹಾಕಿಕೊಳ್ಳುವ ಮೊದಲು ಯೋಚಿಸಿ ಅಂತ ಯಾರಿಗಾದರೂ ಹೇಳಬೇಕು ಅಂದರೆ ಆರ್ಗ್ಯಾನಿಕ್ ಲ್ಯಾಬಿನ ಒಂದು ಮಧ್ಯಾಹ್ನದ ಬಗ್ಗೆ ಹೇಳುತ್ತೇನೆ. ಆವತ್ತು ಆಸ್ಪಿರಿನ್ ತಯಾರಿಸಬೇಕಿತ್ತು. ಸ್ಯಾಲಿಸಿಲಿಕ್ ಆಸಿಡ್ ಪುಡಿಗೆ ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ, ಕೆಲವು ಹನಿ ಫಾಸ್ಫಾರಿಕ್ ಆಸಿಡ್ ಸೇರಿಸಿ, ಬಿಸಿನೀರಿನಲ್ಲಿ ಇಟ್ಟು, ಆಮೇಲೆ ಐಸ್‌ನಲ್ಲಿ ತಣ್ಣಗೆ ಮಾಡಬೇಕು. ತಣ್ಣಗಾದರೂ ಹರಳು ಬರಲಿಲ್ಲ. ಲ್ಯಾಬಿನಲ್ಲಿ ನಮಗೆ ಕಲಿಸುವ ಟಿಎ (ಟೀಚಿಂಗ್ ಅಸಿಸ್ಟೆಂಟ್) ಬಂದು ಗಾಜಿನ ಕಡ್ಡಿಯಿಂದ ಫ್ಲಾಸ್ಕಿನ ಒಳಗೋಡೆಯನ್ನು ಮೆಲ್ಲಗೆ ಕೆರೆದರು. ಕೆರೆದ ಗೆರೆಯಿಂದಲೇ ಬಿಳಿ ಸೂಜಿಗಳ ಹಾಗೆ ಹರಳು ಏಳತೊಡಗಿತು. ಅದನ್ನು ಸೋಸಿ, ತೊಳೆದು, ಮತ್ತೆ ಕರಗಿಸಿ ಮತ್ತೆ ಹರಳಾಗಿಸಿ, ಒಣಗಿಸಿ, ಸಣ್ಣ ಗಾಜಿನ ನಳಿಕೆಯಲ್ಲಿ ತುಂಬಿ ಎಷ್ಟು ಡಿಗ್ರಿಯಲ್ಲಿ ಕರಗುತ್ತದೆ ಅಂತ ನೋಡಬೇಕು. ಶುದ್ಧ ಆಸ್ಪಿರಿನ್ ಸುಮಾರು 135 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕಲಬೆರಕೆ ಇದ್ದರೆ ಮೊದಲೇ ಕರಗಲು ಶುರುವಾಗಿ, ಕರಗಿ ಮುಗಿಯಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಕೊನೆಗೆ ಒಂದು ಹನಿ ಫೆರಿಕ್ ಕ್ಲೋರೈಡ್ ಹಾಕಬೇಕು. ನೇರಳೆ ಬಣ್ಣ ಬಂದರೆ ಹಳೆಯ ಸ್ಯಾಲಿಸಿಲಿಕ್ ಆಸಿಡ್ ಇನ್ನೂ ಉಳಿದಿದೆ ಅಂತ ಅರ್ಥ. ತಲೆನೋವಿಗೆ ನುಂಗುವ ಮಾತ್ರೆ ನಮ್ಮ ಕಣ್ಣೆದುರೇ ತಯಾರಾಗಿ, ಅದು ಶುದ್ಧ ಹೌದೋ ಅಲ್ಲವೋ ಅಂತ ನಾವೇ ಪರೀಕ್ಷೆ ಮಾಡಿದ್ದು ನನಗೆ ತುಂಬಾ ಖುಷಿ ಕೊಟ್ಟಿತು. ಆದರೆ ಅಷ್ಟಕ್ಕೆ ಇಡೀ ಮಧ್ಯಾಹ್ನ ಹೋಯಿತು. ರಿಪೋರ್ಟ್ ಬರೆಯಲು ಇನ್ನೊಂದು ಸಂಜೆ. ನಮ್ಮ ಯೂನಿವರ್ಸಿಟಿಯಲ್ಲಿ ಈ ಲ್ಯಾಬಿಗೆ ಸಿಗುವುದು ಒಂದೇ ಕ್ರೆಡಿಟ್. 15 ಕ್ರೆಡಿಟ್ ಅಂತ ಕಾಗದದ ಮೇಲೆ ಒಂದೇ ಥರ ಕಾಣುವ ಎರಡು ಸೆಮಿಸ್ಟರ್‌ಗಳು ಬದುಕಿನಲ್ಲಿ ಒಂದೇ ಥರ ಇರುವುದಿಲ್ಲ. ಕ್ರೆಡಿಟ್ ಎಣಿಸಬೇಡಿ, ವಾರದ ಗಂಟೆಗಳನ್ನು ಎಣಿಸಿ.

ಇದು ಯಾಕೆ ಮುಖ್ಯ ಅಂದರೆ ಗ್ರೇಡ್. ಎಂಡಿ (ಇಲ್ಲಿ ಡಾಕ್ಟರ್ ಆಗಲು ಓದುವ ಡಿಗ್ರಿಗೇ ಈ ಹೆಸರು) ಕೊಡುವ ಬಹುತೇಕ ಸ್ಕೂಲ್‌ಗಳಿಗೆ ಅರ್ಜಿ ಹೋಗುವುದು ಆಮ್‌ಕ್ಯಾಸ್ ಅನ್ನುವ ಒಂದೇ ಅರ್ಜಿ ವ್ಯವಸ್ಥೆಯ ಮೂಲಕ. ಟೆಕ್ಸಸ್‌ನ ಸರ್ಕಾರಿ ಸ್ಕೂಲ್‌ಗಳಿಗೆ ಬೇರೆ ವ್ಯವಸ್ಥೆ ಇದೆ. ಆಮ್‌ಕ್ಯಾಸ್ ಒಟ್ಟು ಜಿಪಿಎ (ಗ್ರೇಡ್‌ಗಳ ಸರಾಸರಿ) ಜೊತೆಗೆ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್ಸ್ ಸೇರಿಸಿ ಇನ್ನೊಂದು ಜಿಪಿಎ ಲೆಕ್ಕ ಹಾಕುತ್ತದೆ. ನಾನು ಹಿಸ್ಟರಿಯಲ್ಲಿ ಎಷ್ಟೇ ಎ ತೆಗೆದರೂ ಸೈನ್ಸಿನ ಬಿ ಅದರ ಹಿಂದೆ ಮರೆಯಾಗುವುದಿಲ್ಲ. ಒಂದು ಕೋರ್ಸನ್ನು ಎರಡನೇ ಸಲ ಓದಿದರೆ ಎರಡೂ ಗ್ರೇಡ್ ಲೆಕ್ಕಕ್ಕೆ ಬರುತ್ತವೆ, ನಿಮ್ಮ ಕಾಲೇಜು ಹಳೆಯದನ್ನು ಅಳಿಸಿದ್ದರೂ ಸರಿ. ಹೈಸ್ಕೂಲಿನಲ್ಲಿರುವಾಗಲೇ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಕೋರ್ಸ್ ಮಾಡಿದ್ದರೆ ಅದರ ಟ್ರಾನ್ಸ್‌ಕ್ರಿಪ್ಟ್ ಕೂಡ ಕಳಿಸಬೇಕು. ಹತ್ತನೇ ಹನ್ನೊಂದನೇ ಕ್ಲಾಸಿನ ಮಕ್ಕಳನ್ನು "ಸುಮ್ನೆ ಒಂದು ಕೋರ್ಸ್ ಮಾಡಿ ಇಟ್ಕೋ" ಅಂತ ಸೇರಿಸುವ ಅಪ್ಪ ಅಮ್ಮಂದಿರು ಇದನ್ನು ಗಮನಿಸಬೇಕು. ಆ ಗ್ರೇಡ್ ಎಲ್ಲಿಗೂ ಹೋಗುವುದಿಲ್ಲ.

ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಓದಿ ಬರೆಯುವ ಎಪಿ ಪರೀಕ್ಷೆಯ ಕ್ರೆಡಿಟ್ ವಿಷಯದಲ್ಲೂ ಆತುರ ಬೇಡ. ಎಪಿ ಬಯಾಲಜಿಯಲ್ಲಿ ಗರಿಷ್ಠ ಅಂಕವಾದ 5 ಬಂದಿದ್ದರೆ ಕಾಲೇಜು ಮೊದಲ ವರ್ಷದ ಬಯಾಲಜಿ ಬಿಡಬಹುದು ಅನ್ನುತ್ತದೆ. ಆದರೆ ಕೆಲವು ಮೆಡಿಕಲ್ ಸ್ಕೂಲ್‌ಗಳು ಎಪಿ ಒಪ್ಪುವುದಿಲ್ಲ. ಇನ್ನು ಕೆಲವು, ಅದರ ಬದಲು ಮೇಲಿನ ಹಂತದ ಕೋರ್ಸ್ ಮಾಡಿರಬೇಕು ಅನ್ನುತ್ತವೆ. ನಾನು ಎಪಿ ಬಯಾಲಜಿ ಕ್ರೆಡಿಟ್ ತೆಗೆದುಕೊಂಡೆ, ಉಳಿದ ಜಾಗದಲ್ಲಿ ಜೆನೆಟಿಕ್ಸ್ ಮತ್ತು ಫಿಸಿಯಾಲಜಿ ಹಾಕಿಕೊಂಡೆ. ಕೆಮಿಸ್ಟ್ರಿಯಲ್ಲಿ ಮಾತ್ರ ಕ್ರೆಡಿಟ್ ಇದ್ದರೂ ಮೊದಲಿನಿಂದ ಓದಿದೆ. ಆರ್ಗ್ಯಾನಿಕ್‌ಗೆ ಹೋಗುವ ಮೊದಲು ಆಸಿಡ್, ಬೇಸ್, ಬಾಂಡ್ ಇವೆಲ್ಲ ಕೈಯಲ್ಲಿ ಆಡುವಷ್ಟು ಗಟ್ಟಿಯಾಗಿರಬೇಕು ಅನ್ನಿಸಿತು. ಆ ತೀರ್ಮಾನದ ಬಗ್ಗೆ ನನಗೆ ಪೂರ್ತಿ ಸಮಾಧಾನ ಇದೆ.

ಎಂಕ್ಯಾಟ್ ಏನು ಕೇಳುತ್ತದೆ ಅಂತ ಗೊತ್ತಿದ್ದರೆ ಕೋರ್ಸ್ ಆರಿಸುವುದು ಸುಲಭ. ಈಗಿನ ರೂಪ 2015ರಲ್ಲಿ ಬಂತು. ನಾಲ್ಕು ಭಾಗ, ಒಟ್ಟು 230 ಪ್ರಶ್ನೆ, ಬಿಡುವು ಸೇರಿ ಸುಮಾರು ಏಳೂವರೆ ಗಂಟೆ. ಅಂಕ 472ರಿಂದ 528ರವರೆಗೆ. ಕ್ಯಾಲ್ಕುಲೇಟರ್ ಇಲ್ಲ. ಎಲ್ಲರೂ ಹೆದರುವುದು ಆರ್ಗ್ಯಾನಿಕ್‌ಗೆ. ಆದರೆ ಎಎಎಂಸಿ ಕೊಡುವ ಲೆಕ್ಕದಲ್ಲಿ ಬಯಾಲಜಿ ಭಾಗದಲ್ಲಿ ಆರ್ಗ್ಯಾನಿಕ್ ಸುಮಾರು ಶೇ 5, ಕೆಮಿಸ್ಟ್ರಿ–ಫಿಸಿಕ್ಸ್ ಭಾಗದಲ್ಲಿ ಶೇ 15. ಬಯೋಕೆಮಿಸ್ಟ್ರಿ ಎರಡೂ ಭಾಗದಲ್ಲಿ ಸುಮಾರು ಶೇ 25. ಮೆಡಿಕಲ್ ಸ್ಕೂಲ್‌ಗಳ ಪಟ್ಟಿಯಲ್ಲಿ ಒಂದೇ ಸೆಮಿಸ್ಟರ್ ಅಂತ ಕೊನೆಯಲ್ಲಿ ಕಾಣುವ ಕೋರ್ಸಿಗೆ ಪರೀಕ್ಷೆಯಲ್ಲಿ ಇಷ್ಟು ತೂಕ! ಅದಕ್ಕೇ ಬಯೋಕೆಮಿಸ್ಟ್ರಿ ಇರುವ ಸೆಮಿಸ್ಟರಿನಲ್ಲಿ ಬೇರೆ ಭಾರ ಕಡಿಮೆ ಇಟ್ಟುಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೂರನೆಯದು ಸೈಕಾಲಜಿ, ಸೋಶಿಯಾಲಜಿ ಭಾಗ. ಇನ್ನೊಂದು ಭಾಗದಲ್ಲಿ ಸೈನ್ಸೇ ಇಲ್ಲ. ಉದ್ದನೆಯ ಬರಹ ಕೊಟ್ಟು, ಬರೆದವರು ಏನು ವಾದ ಮಾಡುತ್ತಿದ್ದಾರೆ ಅಂತ ಕೇಳುತ್ತಾರೆ. ಇತಿಹಾಸದ ಕ್ಲಾಸಿನಲ್ಲಿ ನಾವು ವಾರ ವಾರ ಮಾಡುವುದು ಅದನ್ನೇ ಅಲ್ವಾ?

ಇನ್ನೊಂದು ವಿಷಯ. ಬಹಳ ಸ್ಕೂಲ್‌ಗಳು ಸೈನ್ಸ್ ಕಲಿಸಿದ ಪ್ರೊಫೆಸರ್‌ಗಳಿಂದ ಶಿಫಾರಸು ಪತ್ರ ಕೇಳುತ್ತವೆ. ನೂರಾರು ಜನ ಕೂರುವ ಕ್ಲಾಸಿನಲ್ಲಿ ಪ್ರೊಫೆಸರಿಗೆ ನಮ್ಮ ಹೆಸರು ಗೊತ್ತಾಗುವುದು, ವಿದ್ಯಾರ್ಥಿಗಳನ್ನು ಭೇಟಿಯಾಗಲು ಅವರು ಇಟ್ಟಿರುವ ಆಫೀಸ್ ಅವರ್ಸ್‌ಗೆ ಹೋದರೆ ಮಾತ್ರ. ನಾನು ಆರ್ಗ್ಯಾನಿಕ್ ಪ್ರೊಫೆಸರ್ ಹತ್ತಿರ ಹೋಗುತ್ತಿದ್ದದ್ದು ಪತ್ರಕ್ಕಾಗಿ ಅಲ್ಲ, ರಿಯಾಕ್ಷನ್ನಿನಲ್ಲಿ ಎಲೆಕ್ಟ್ರಾನ್ ಎಲ್ಲಿಗೆ ಹೋಗುತ್ತದೆ ಅಂತ ತೋರಿಸುವ ಬಾಣದ ಗುರುತು ಅರ್ಥವಾಗಲಿ ಅಂತ. ಪ್ರತಿ ರಿಯಾಕ್ಷನ್‌ಗೂ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಎಲೆಕ್ಟ್ರಾನ್ ಎಲ್ಲಿ ಜಾಸ್ತಿ ಇದೆ, ಎಲ್ಲಿ ಕಡಿಮೆ ಇದೆ? ಬಾಣ ಜಾಸ್ತಿ ಇರುವ ಕಡೆಯಿಂದ ಹೊರಟು ಕಡಿಮೆ ಇರುವ ಕಡೆ ಹೋಗಬೇಕು. ಅಷ್ಟು ತಿಳಿದ ಮೇಲೆ ಬಾಯಿಪಾಠ ಮಾಡಬೇಕಾದದ್ದು ತುಂಬ ಕಡಿಮೆಯಾಯಿತು.

ವೀಸಾ ಬಗ್ಗೆಯೂ ಹೇಳಲೇಬೇಕು. ಸಿಟಿಜನ್‌ಶಿಪ್ ಅಥವಾ ಗ್ರೀನ್ ಕಾರ್ಡ್ ಇಲ್ಲದವರನ್ನು ಹಲವು ಮೆಡಿಕಲ್ ಸ್ಕೂಲ್‌ಗಳು ತೆಗೆದುಕೊಳ್ಳುವುದೇ ಇಲ್ಲ. ಸರ್ಕಾರಿ ಸ್ಕೂಲ್‌ಗಳು ತಮ್ಮ ರಾಜ್ಯದವರಿಗೆ ಮೊದಲ ಆದ್ಯತೆ ಕೊಡುವುದು ಸಾಮಾನ್ಯ. ಅಪ್ಪ ಅಥವಾ ಅಮ್ಮನ ಕೆಲಸದ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿರುವ ಮಕ್ಕಳ ಮನೆಯಲ್ಲಿ ಈ ಮಾತು ಮೊದಲನೇ ವರ್ಷದಲ್ಲೇ ಆಗಬೇಕು. ಎಂಎಸ್ಎಆರ್‌ನಲ್ಲಿ ಇದೂ ಸ್ಕೂಲ್ ವಾರು ಸಿಗುತ್ತದೆ.

ಫಾಲ್‌ಗೆ ನಾನು ಹಾಕಿಕೊಂಡಿರುವುದು ಬಯೋಕೆಮಿಸ್ಟ್ರಿ, ಫಿಸಿಕ್ಸ್ ಒಂದು ಮತ್ತು ಅದರ ಲ್ಯಾಬ್, ಸೋಶಿಯಾಲಜಿ, ಜೊತೆಗೆ ಇತಿಹಾಸದ ಒಂದು ಸೆಮಿನಾರ್. ಲ್ಯಾಬ್ ಒಂದೇ. ಸ್ಟ್ಯಾಟಿಸ್ಟಿಕ್ಸ್ ಸ್ಪ್ರಿಂಗ್‌ಗೆ ಹೋಯಿತು. ಸೈಕಾಲಜಿ ವಿಭಾಗದವರು ಕಲಿಸಿದರೂ ಸ್ಟ್ಯಾಟಿಸ್ಟಿಕ್ಸ್ ಆಮ್‌ಕ್ಯಾಸ್‌ನಲ್ಲಿ ಮ್ಯಾಥ್ಸ್ ಲೆಕ್ಕಕ್ಕೇ ಬರುತ್ತದೆ, ಹಾಗಾಗಿ ಅಲ್ಲೇ ತೆಗೆದುಕೊಳ್ಳುತ್ತೇನೆ. ಫಿಸಿಕ್ಸ್ ಲ್ಯಾಬಿನ ನನಗೆ ಬೇಕಾದ ಸೆಕ್ಷನ್ ಭರ್ತಿಯಾಗಿದೆ, ವೇಟ್‌ಲಿಸ್ಟಿನಲ್ಲಿದ್ದೇನೆ. ಅದು ಸಿಗದಿದ್ದರೆ ಬೇರೆ ಸೆಕ್ಷನ್ ಸೆಮಿನಾರಿನ ಸಮಯಕ್ಕೆ ಅಡ್ಡ ಬರುತ್ತದೆ. ನಾಳೆ ಅಡ್ವೈಸರ್ ಹತ್ತಿರ ಹೋಗಿ ಅದೊಂದನ್ನು ಮಾತಾಡಬೇಕು. ನಿಮ್ಮ ಮನೆಯ ಮಕ್ಕಳು ಈ ವರ್ಷ ಸೇರುತ್ತಿದ್ದರೆ, ಅವರ ಕಾಲೇಜಿನ ಕೆಮಿಸ್ಟ್ರಿ ಕೋರ್ಸ್‌ಗಳ ಸಾಲು ಹೇಗಿದೆ ಅಂತ ಇಲ್ಲಿ ಬರೆಯಿರಿ. ಒಟ್ಟಿಗೆ ಕೂತು ನೋಡೋಣ.