ಹೌದು, ಬಗ್ಗುತ್ತೇವೆ. ಈಗೇನು?

"ಜೂಡೋ ಕಲಿಯೋದು ಸರಿ, ಆದ್ರೆ ಮಾತು ಮಾತಿಗೂ ಯಾಕೆ ಬಗ್ತೀರಾ?"

ಹನ್ನೊಂದು ವರ್ಷದಿಂದ ಇದನ್ನು ಕೇಳಿಸಿಕೊಳ್ಳುತ್ತಿದ್ದೇನೆ. ಮೊದಮೊದಲು ನಗುತ್ತಾ ಉತ್ತರ ಕೊಡುತ್ತಿದ್ದೆ. ಈಗ ನಗು ಬರುವುದಿಲ್ಲ. ಕೆಲವರು ಬಗ್ಗಿ ಅಣಕಿಸಿಯೂ ತೋರಿಸುತ್ತಾರೆ. ಮೊನ್ನೆ ಒಬ್ಬರು "ಒಳ್ಳೇ ಗುಲಾಮರ ಥರ" ಅಂದರು. ಸ್ವಾಮಿ, ಗುಲಾಮನಿಗೆ ಒಡೆಯ ತಿರುಗಿ ಬಗ್ಗುತ್ತಾನಾ? ಇಲ್ಲಿ ಕಪ್ಪು ಬೆಲ್ಟಿನವರೂ ನಿನ್ನೆ ಸೇರಿದ ಬಿಳಿ ಬೆಲ್ಟಿನ ಹುಡುಗನಿಗೆ ಅದೇ 30 ಡಿಗ್ರಿ ಬಗ್ಗುತ್ತಾರೆ.

ಉಗುರು ಕತ್ತರಿಸಿರಬೇಕು, ಉಂಗುರ ತೆಗೆದಿಡಬೇಕು, ಮ್ಯಾಟಿನಿಂದ ಇಳಿದರೆ ಚಪ್ಪಲಿ ಹಾಕಲೇಬೇಕು. ಇದನ್ನೆಲ್ಲ ಯಾರೂ ಕೇಳುವುದಿಲ್ಲ. ಶೌಚಾಲಯಕ್ಕೆ ಬರಿಗಾಲಲ್ಲಿ ಹೋಗಿ ಬಂದರೆ ಅದೇ ಮ್ಯಾಟಿಗೆ ಇನ್ನೊಬ್ಬನ ಕೆನ್ನೆ ಉಜ್ಜುತ್ತದೆ, ಅಲ್ವಾ? ಪಂದ್ಯದಲ್ಲಿ 20 ಸೆಕೆಂಡು ಅದುಮಿ ಹಿಡಿದರೆ ಗೆದ್ದ ಹಾಗೆ. ಒಗೆಯದ ಗೀ (ಜೂಡೋ ಉಡುಪು) ಹಾಕಿಕೊಂಡು ಬಂದವನ ಎದೆಯ ಕೆಳಗೆ ಆ 20 ಸೆಕೆಂಡು ಕಳೆದು ನೋಡಿ. ಶಿಸ್ತಿನ ಪಾಠ ಬೇರೆ ಬೇಕಾಗುವುದಿಲ್ಲ.

ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಅನ್ನುವ ಜೂಡೋ ಶಾಲೆ ಶುರು ಮಾಡಿದವರು. ಜುಜುತ್ಸು ಅನ್ನುವ ಹಳೆಯ ಜಪಾನೀ ಕಾದಾಟದ ಕಲೆಯ ಅಪಾಯದ ಪಟ್ಟುಗಳನ್ನು ಅವರು ರಾಂದೊರಿಯಿಂದ, ಅಂದರೆ ಬಿಡುಬೀಸಾಗಿ ಹಿಡಿದಾಡುವ ಅಭ್ಯಾಸದಿಂದ, ಹೊರಗಿಟ್ಟರು. ಪೂರ್ತಿ ಬಲ ಹಾಕಿ ಎಸೆಯಬೇಕು, ಎಸೆಸಿಕೊಂಡವನು ನಾಳೆ ನಡೆದುಕೊಂಡು ವಾಪಸ್ ಬರಬೇಕು. ಅಷ್ಟೇ ಲೆಕ್ಕ.

"ಗೆದ್ದವನಾದರೂ ಹಾರಾಡಬಾರದಾ?" ಅನ್ನುವವರೂ ಇದ್ದಾರೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೆದರ್ಲೆಂಡ್ಸ್‌ನ ಆಂಟನ್ ಗೀಸಿಂಕ್, ಜಪಾನಿನವರ ಕಣ್ಣೆದುರೇ ಅಕಿಯೊ ಕಮಿನಾಗ ಅವರನ್ನು ಅದುಮಿ ಹಿಡಿದು ಚಿನ್ನ ಗೆದ್ದರು. ಖುಷಿ ತಡೆಯಲಾಗದೆ ಅವರ ಕಡೆಯವರು ಮ್ಯಾಟಿನತ್ತ ನುಗ್ಗಿದರು. ಗೀಸಿಂಕ್ ಕೈ ಎತ್ತಿ ತಡೆದರು. ಪದಕಕ್ಕಿಂತ ನನಗೆ ಆ ಕೈ ಜಾಸ್ತಿ ಇಷ್ಟ.

ಇಷ್ಟೆಲ್ಲ ದೊಡ್ಡದಾಗಿ ಹೇಳುವ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಎದುರಿನವನು ಟ್ಯಾಪ್ ಮಾಡಿದಾಗಲೆಲ್ಲ, ಅಂದರೆ ಸೋತೆ ಬಿಡು ಅಂತ ಕೈ ತಟ್ಟಿದಾಗಲೆಲ್ಲ, ನೀನು ತಕ್ಷಣ ಬಿಟ್ಟಿದ್ದೀಯಾ?

ಇಲ್ಲ. ಒಂದು ಸಲ ಬಿಟ್ಟಿಲ್ಲ.

ಅವನು ನನಗಿಂತ ಹಗುರ. ಆ ಸಂಜೆ ನನ್ನನ್ನು ಎರಡು ಸಲ ಎತ್ತಿ ಎಸೆದಿದ್ದ, ಎಲ್ಲರ ಮುಂದೆ. ಮೂರನೇ ಸಲ ಅವನ ತೋಳು ಜೂಜಿ ಗತಾಮೆಯಲ್ಲಿ, ಅಂದರೆ ಮೊಣಕೈ ಲಾಕ್ ಮಾಡುವ ಪಟ್ಟಿನಲ್ಲಿ, ಸಿಕ್ಕಿತು. ನನ್ನ ತೊಡೆಗಳ ನಡುವೆ ಅವನ ತೋಳು, ಹೆಬ್ಬೆರಳು ಸೂರಿನ ಕಡೆಗೆ. ಸೊಂಟ ಎತ್ತಿದೆ. ಅವನು ನನ್ನ ಕಾಲಿಗೆ ಟಪ್ ಟಪ್ ಅಂತ ತಟ್ಟಿದ. ಗೊತ್ತಾಗಲಿಲ್ಲ ಅಂತ ಆಮೇಲೆ ಎಲ್ಲರಿಗೂ ಹೇಳಿದೆ. ಸುಳ್ಳು. ಗೊತ್ತಾಗಿತ್ತು. ಅರ್ಧ ಸೆಕೆಂಡು ಜಾಸ್ತಿ ಎಳೆದೆ. ಮೊಣಕೈ ಲಟಕ್ ಅಂದಿತು.

ಇಬ್ಬರೂ ಎದ್ದು ಬೆಲ್ಟ್ ಸರಿಮಾಡಿಕೊಂಡೆವು. ಅವನು ಒಂದೇ ಕೈಯಲ್ಲಿ. ಎದುರುಬದುರು ನಿಂತು ಬಗ್ಗಿದೆವು. ನಾನು ಬಗ್ಗಿದ್ದು ಅಳತೆ ಹಿಡಿದ ಹಾಗೆ ಸರಿಯಾಗಿತ್ತು.

ಮೂರು ವಾರ ಅವನು ಬರಲಿಲ್ಲ. ಬಂದ ದಿನ ಮೊಣಕೈಗೆ ಪಟ್ಟಿ ಇತ್ತು. ಜೊತೆಗಾರರನ್ನು ಆರಿಸಿಕೊಳ್ಳಿ ಅಂದಾಗ ಸೀದಾ ನನ್ನ ಮುಂದೆ ಬಂದು ನಿಂತ. "ಇವತ್ತು ನಿಧಾನ, ಆಯ್ತಾ?" ಅಂದು ಬಗ್ಗಿದ. ನಾನೂ ಬಗ್ಗಿದೆ. ಅವನು ಯಾವಾಗ ನೆಟ್ಟಗಾದನೋ ಗೊತ್ತಿಲ್ಲ, ನಾನಿನ್ನೂ ಮ್ಯಾಟನ್ನೇ ನೋಡುತ್ತಿದ್ದೆ.